ಸೆಲ್ಫ್ ತಿರುಗುತ್ತದೆ, ಇಂಜಿನ್ ತಿರುಗುವುದಿಲ್ಲ: ಏಕೆ?

ಬೆಳಗಿನ ಹಾಲು ಕರೆದು, ಕ್ಯಾನನ್ನು ಗಾಡಿಗೆ ಏರಿಸಿ ಕೀ ತಿರುಗಿಸಿದರೆ ‘ಗುಂಯ್’ ಎಂಬ ಸದ್ದಷ್ಟೇ ಬರುತ್ತದೆ. ಸೆಲ್ಫ್ ಮೋಟರು ಓಡುತ್ತಿದೆ, ಇಂಜಿನ್ ಮಾತ್ರ ಕದಲುತ್ತಿಲ್ಲ. ಹಳೆಯ ಟೆಂಪೊ, ಜೀಪು, ಟ್ರ್ಯಾಕ್ಟರ್ ಇರುವ ಮನೆಗಳಿಗೆ ಇದು ಹೊಸದಲ್ಲ. ಇಂಥ ದಿನ ಮೊದಲು ಹಾಲನ್ನು ಅಕ್ಕಪಕ್ಕದವರ ಬೈಕಿನಲ್ಲೋ ಆಟೊದಲ್ಲೋ ಸಂಘಕ್ಕೆ ಕಳಿಸಿಬಿಡಿ. ಕರೆದ ಹಾಲು 4 ಡಿಗ್ರಿಗೆ ತಣ್ಣಗಾಗುವವರೆಗೆ ಅದರಲ್ಲಿ ಸೂಕ್ಷ್ಮಾಣುಗಳು ವೇಗವಾಗಿ ಹೆಚ್ಚುತ್ತವೆ, ಗಾಡಿ ರಿಪೇರಿ ಆಗುವ ತನಕ ಅದು ಕಾಯುವುದಿಲ್ಲ. ಗಾಡಿಯನ್ನು ಆಮೇಲೆ ನಿಧಾನವಾಗಿ ನೋಡಬಹುದು.

ಸೆಲ್ಫ್ ಮೋಟರಿನ ತುದಿಯಲ್ಲಿ ಪಿನಿಯನ್ ಎಂಬ ಚಿಕ್ಕ ಹಲ್ಲಿನ ಗಾಲಿ ಇರುತ್ತದೆ. ಇದಕ್ಕೆ ಸಾಮಾನ್ಯವಾಗಿ 10ರ ಆಸುಪಾಸು ಹಲ್ಲು. ಇಂಜಿನ್ ಹಿಂಬದಿಯ ಫ್ಲೈವೀಲಿನ ಸುತ್ತ ಬಿಗಿಯಾಗಿ ಕೂತ ರಿಂಗ್ ಗೇರಿಗೆ 100ಕ್ಕೂ ಹೆಚ್ಚು ಹಲ್ಲು. ಕೀ ತಿರುಗಿಸಿದಾಗ ಮೋಟರಿನ ಬೆನ್ನ ಮೇಲಿರುವ ಸೊಲೆನಾಯ್ಡ್ ಸ್ವಿಚ್ಚು ಒಂದು ಫೋರ್ಕಿನ ಮೂಲಕ ಪಿನಿಯನ್ನನ್ನು ಮುಂದಕ್ಕೆ ತಳ್ಳಿ ರಿಂಗಿಗೆ ಕಚ್ಚಿಸುತ್ತದೆ. ಜೊತೆಗೇ ಮೋಟರಿಗೆ ಪೂರ್ತಿ ಕರೆಂಟು ಹರಿಸುತ್ತದೆ. ಇಂಜಿನ್ ಹತ್ತಿಕೊಂಡ ಮೇಲೆ ಅದರ ವೇಗಕ್ಕೆ ಮೋಟರು ಸುಟ್ಟುಹೋಗದಂತೆ ಪಿನಿಯನ್ ಹಿಂದೆ ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್ ಇದೆ. ಪಿನಿಯನ್, ಕ್ಲಚ್ ಎರಡನ್ನೂ ಸೇರಿಸಿ ನಮ್ಮ ಮೆಕ್ಯಾನಿಕ್‌ಗಳು ಬೆಂಡಿಕ್ಸ್ ಎನ್ನುತ್ತಾರೆ.

ಸೈಕಲ್ಲಿನ ಫ್ರೀವೀಲ್ ನೆನಪಿಸಿಕೊಳ್ಳಿ. ಪೆಡಲನ್ನು ಹಿಂದಕ್ಕೆ ತುಳಿದರೆ ಸುಮ್ಮನೆ ತಿರುಗುತ್ತದೆ, ಮುಂದಕ್ಕೆ ತುಳಿದರೆ ಚಕ್ರವನ್ನು ಹಿಡಿದು ಎಳೆಯುತ್ತದೆ. ಫ್ರೀವೀಲ್ ಸವೆದ ಸೈಕಲ್ಲಿನಲ್ಲಿ ಮುಂದಕ್ಕೆ ತುಳಿದರೂ ಕಾಲು ಗಿರಗಿರ ತಿರುಗುತ್ತದೆ, ಸೈಕಲ್ ನಿಂತಲ್ಲೇ ಇರುತ್ತದೆ. ಬೆಂಡಿಕ್ಸ್ ಕ್ಲಚ್ ಸವೆದರೆ ಆಗುವುದೂ ಇದೇ. ಹಳೆಯ ಗಾಡಿಗಳಲ್ಲಿ ಈ ತೊಂದರೆಗೆ ಹೆಚ್ಚಾಗಿ ಕಾರಣ ಇದೇ ಆಗಿರುತ್ತದೆ.

ಆದರೆ ಊಹಿಸುವ ಮೊದಲು ಒಂದನ್ನು ಖಚಿತ ಮಾಡಿಕೊಳ್ಳಿ. ಇಂಜಿನ್ ನಿಜಕ್ಕೂ ತಿರುಗುತ್ತಿಲ್ಲವೇ? ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಹಾಕಿ, ಒಬ್ಬರು ಸೀಟಿನಲ್ಲಿ ಕೂತು ಕೀ ತಿರುಗಿಸಲಿ. ಇನ್ನೊಬ್ಬರು ಸೆರಗು, ಜಡೆ ಕಟ್ಟಿಕೊಂಡು ದೂರದಿಂದ ಇಂಜಿನ್ನಿನ ಕೆಳಗಿನ ಪುಲ್ಲಿಯನ್ನು ನೋಡಲಿ. ಪುಲ್ಲಿ ಅಲುಗದಿದ್ದರೆ ತೊಂದರೆ ಸೆಲ್ಫ್ ಅಥವಾ ರಿಂಗಿನದು. ಪುಲ್ಲಿ ಮಾಮೂಲಿಗಿಂತ ಹಗುರಾಗಿ, ಜೋರಾಗಿ ತಿರುಗಿದರೆ ಕಥೆಯೇ ಬೇರೆ. ಟೈಮಿಂಗ್ ಬೆಲ್ಟ್ ಇರುವ ಗಾಡಿಯಾದರೆ ಬೆಲ್ಟ್ ತುಂಡಾಗಿರಬಹುದು. ಆಗ ಮತ್ತೆ ಮತ್ತೆ ಸೆಲ್ಫ್ ಹೊಡೆದರೆ ವಾಲ್ವ್ ಬಾಗುವ ಅಪಾಯವಿದೆ, ಅಲ್ಲಿಗೇ ನಿಲ್ಲಿಸಿ. ಬರೀ ‘ಟಕ್ ಟಕ್’ ಎಂದು ಮೋಟರೇ ಓಡದಿದ್ದರೆ ಮೊದಲು ಬ್ಯಾಟರಿ ಮತ್ತು ಅದರ ಟರ್ಮಿನಲ್ ನೋಡಬೇಕು.

ಮುಂದಿನದನ್ನು ಕಿವಿಯೇ ಹೇಳುತ್ತದೆ. ನುಣ್ಣಗೆ ‘ಗುಂಯ್’ ಎಂದು ಓಡಿದರೆ ಕ್ಲಚ್ ಜಾರುತ್ತಿದೆ, ಅಥವಾ ಫೋರ್ಕ್ ಮುರಿದು ಪಿನಿಯನ್ ಮುಂದಕ್ಕೇ ಹೋಗುತ್ತಿಲ್ಲ. ಶಾಫ್ಟಿನ ಮೇಲೆ ಧೂಳು, ಹಳೆಯ ಗ್ರೀಸು ಅಂಟಿ ಪಿನಿಯನ್ ಸಿಕ್ಕಿಕೊಂಡಿರಲೂಬಹುದು. ಮಾಗಿಯ ಚಳಿಯಲ್ಲಿ ಕೈಕೊಟ್ಟು, ಬಿಸಿಲೇರಿದ ಮೇಲೆ ಸರಿಹೋಗುವ ಗಾಡಿಯಲ್ಲಿ ಈ ಗಟ್ಟಿಯಾದ ಗ್ರೀಸಿನ ಮೇಲೇ ಅನುಮಾನ ಪಡಿ. ‘ಕರ್‌ರ್’ ಎಂದು ಹಲ್ಲು ಮಸೆದ ಸದ್ದು ಬಂದರೆ ಪಿನಿಯನ್ ಅಥವಾ ರಿಂಗಿನ ಹಲ್ಲು ಸವೆದಿದೆ, ಇಲ್ಲವೇ ಸೆಲ್ಫ್ ಹಿಡಿದಿರುವ ಬೋಲ್ಟ್ ಸಡಿಲಾಗಿದೆ. ಬೋಲ್ಟಾದರೆ ಬಿಗಿ ಮಾಡಿದರೆ ಮುಗಿಯಿತು.

ರಿಂಗಿನ ಸವೆತಕ್ಕೆ ಒಂದು ಗುರುತಿದೆ: ಒಮ್ಮೆ ಹತ್ತುತ್ತದೆ, ಒಮ್ಮೆ ಹತ್ತುವುದಿಲ್ಲ. ಇಂಜಿನ್ ಬಂದಾಗುವಾಗ ಒಳಗಿನ ಗಾಳಿಯ ಒತ್ತಡದಿಂದ ಹೆಚ್ಚುಕಡಿಮೆ ಅದೇ ಜಾಗಗಳಲ್ಲಿ ನಿಲ್ಲುತ್ತದೆ. 4 ಸಿಲಿಂಡರಿನ ಇಂಜಿನ್ನಿಗೆ ಇಂಥ ಜಾಗ ಎರಡು, 3 ಸಿಲಿಂಡರಿನದಕ್ಕೆ ಮೂರು. ವರ್ಷಗಟ್ಟಲೆ ಪಿನಿಯನ್ ಅಲ್ಲೇ ಬಂದು ಬಡಿದು ಅಲ್ಲಿನ ಹಲ್ಲೇ ತಿಂದುಹೋಗುತ್ತದೆ. ಪರೀಕ್ಷಿಸಲು ಕೀ ಆಫ್ ಮಾಡಿ, ಹ್ಯಾಂಡ್ ಬ್ರೇಕ್ ಬಿಟ್ಟು, ಸಮತಟ್ಟಿನಲ್ಲಿ ಟೆಂಪೊವನ್ನು 3ನೇ ಗೇರಿಗೆ ಹಾಕಿ ಒಂದಡಿ ತಳ್ಳಿ. ಹಳೆಯ ಡೀಸೆಲ್ ಗಾಡಿಯಲ್ಲಿ ಸ್ಟಾಪ್ ಕೇಬಲ್ ಎಳೆದಿಟ್ಟೇ ತಳ್ಳಬೇಕು, ಇಲ್ಲದಿದ್ದರೆ ಕೀ ಇಲ್ಲದೆಯೂ ಇಂಜಿನ್ ಹತ್ತಿಕೊಳ್ಳಬಹುದು. ಬಳಿಕ ನ್ಯೂಟ್ರಲ್‌ಗೆ ತಂದು ಸೆಲ್ಫ್ ಹೊಡೆಯಿರಿ. ಈಗ ಹತ್ತಿದರೆ ರಿಂಗ್ ನೋಡಿಸಬೇಕು. ಟ್ರ್ಯಾಕ್ಟರನ್ನು ಮಾತ್ರ ಹೀಗೆ ತಳ್ಳಲು ಹೋಗಬೇಡಿ, ಅದು ಮೆಕ್ಯಾನಿಕ್ ಕೆಲಸ.

ಟ್ರ್ಯಾಕ್ಟರ್ ವಿಷಯದಲ್ಲಿ ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಕೆಳಗೆ ನಿಂತು ಸ್ಕ್ರೂಡ್ರೈವರಿನಿಂದ ಸೆಲ್ಫಿನ ಎರಡು ಟರ್ಮಿನಲ್ ಕೂಡಿಸಿ ಸ್ಟಾರ್ಟ್ ಮಾಡುವ ಅಭ್ಯಾಸ ಅನೇಕ ಮನೆಗಳಲ್ಲಿದೆ. ಗೇರಿನಲ್ಲಿದ್ದರೆ ಟ್ರ್ಯಾಕ್ಟರ್ ಅದೇ ಕ್ಷಣ ಮುಂದೆ ಹೋಗುತ್ತದೆ, ನಿಂತವರು ಹಿಂದಿನ ಚಕ್ರದ ದಾರಿಯಲ್ಲೇ ಇರುತ್ತಾರೆ. ಇದರಿಂದ ಜೀವ ಹೋದವರಿದ್ದಾರೆ. ಗಂಡನಾಗಲಿ ಮಗನಾಗಲಿ ಹಾಗೆ ಮಾಡಲು ಹೊರಟರೆ ತಡೆಯಿರಿ. ಅದರಿಂದ ಜಾರುವ ಕ್ಲಚ್ ಸರಿಹೋಗುವುದೂ ಇಲ್ಲ, ಮೋಟರು ಆಗಲೇ ತಿರುಗುತ್ತಿದೆಯಲ್ಲ! ಸುತ್ತಿಗೆಯಿಂದ ಸೆಲ್ಫ್ ಬಡಿಯುವುದೂ ಅಷ್ಟೇ ವ್ಯರ್ಥ.

ಸೆಲ್ಫ್ ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ತೆಗೆಯಬೇಕು. ಬಿಚ್ಚಿದ ಮೇಲೆ ಪಿನಿಯನ್ನನ್ನು ಕೈಯಲ್ಲಿ ತಿರುಗಿಸಿ ನೋಡಿ: ಒಂದು ದಿಕ್ಕಿಗೆ ಸಲೀಸಾಗಿ ತಿರುಗಬೇಕು, ಇನ್ನೊಂದು ದಿಕ್ಕಿಗೆ ಶಾಫ್ಟನ್ನು ಹಿಡಿಯಬೇಕು. ಎರಡೂ ಕಡೆ ಸಲೀಸಾದರೆ ಕ್ಲಚ್ ಹೋಗಿದೆ. ಕೈಗೆ ಹಿಡಿದಂತೆ ಕಂಡು ಭಾರ ಬಿದ್ದಾಗ ಜಾರುವುದೂ ಉಂಟು, ಆದ್ದರಿಂದ ಹಿಡಿಯಿತೆಂದ ಮಾತ್ರಕ್ಕೆ ನಂಬಬೇಡಿ. ಬೆಂಡಿಕ್ಸನ್ನು ಸೀಮೆಎಣ್ಣೆ, ಪೆಟ್ರೋಲಿನಲ್ಲಿ ಅದ್ದಿ ತೊಳೆಯಲು ಬಿಡಬೇಡಿ. ಒಳಗೆ ತುಂಬಿಟ್ಟ ಗ್ರೀಸು ತೊಳೆದುಹೋಗಿ ಬೇಗ ಕೆಡುತ್ತದೆ. ಒಣಬಟ್ಟೆಯಲ್ಲಿ ಒರೆಸಿದರೆ ಸಾಕು.

ಹಳೆಯ ಗಾಡಿಗಳ ಬಹುತೇಕ ಸೆಲ್ಫಿಗೆ ಬೆಂಡಿಕ್ಸ್ ಬಿಡಿಯಾಗಿ ಸಿಗುತ್ತದೆ. ‘ಇಡೀ ಸೆಲ್ಫೇ ಬದಲಿಸಬೇಕು’ ಎಂದರೆ ಕಾರಣ ಕೇಳಿ. ಅಂಗಡಿಗೆ ಹಳೆಯದನ್ನೇ ಒಯ್ದು ಹಲ್ಲು ಎಣಿಸಿ, ಅಳತೆ ಹೋಲಿಸಿ ಕೊಳ್ಳಿ. ಸೆಲ್ಫ್ ಬಿಚ್ಚಿದ್ದಾಗಲೇ ಇಂಜಿನ್ನನ್ನು ಕೈಯಿಂದ ಒಂದು ಪೂರ್ತಿ ಸುತ್ತು ತಿರುಗಿಸಿ, ಆ ಕಿಂಡಿಯಲ್ಲಿ ಟಾರ್ಚ್ ಬಿಟ್ಟು ರಿಂಗಿನ ಎಲ್ಲ ಹಲ್ಲು ತೋರಿಸಲು ಮೆಕ್ಯಾನಿಕ್‌ಗೆ ಹೇಳಿ. ರಿಂಗ್ ಕೆಟ್ಟಿದ್ದರೆ ಹೊಸ ಪಿನಿಯನ್ನನ್ನೂ ಅದು ತಿಂದುಹಾಕುತ್ತದೆ. ರಿಂಗ್ ಬದಲಿಸಲು ಟ್ರ್ಯಾಕ್ಟರನ್ನು ನಡುವೆ ಬಿಚ್ಚಿ ಎರಡು ಭಾಗ ಮಾಡಬೇಕು. ಅದು ಒಂದು ಗಂಟೆಯ ಕೆಲಸವಲ್ಲ. ಹಸುಗಳಿಗೆ ಎರಡು ಮೂರು ದಿನದ ಮೇವು ತಂದಿಟ್ಟುಕೊಂಡೇ ಗಾಡಿಯನ್ನು ಗ್ಯಾರೇಜಿಗೆ ಬಿಡಿ.