ಕೈಲ್ ಮುಹೂರ್ತದ ಕೋವಿಯೂ ಬೇಲಿಯ ಉರುಳೂ

ಈ ಬಾರಿಯ ಕೈಲ್ ಮುಹೂರ್ತ ಕಳೆದ ವಾರ ಸಂಘದ ಕಾರ್ಯಾಲಯಕ್ಕೆ ಬಂದ ಸದಸ್ಯರ ಬಾಯಲ್ಲಿ ಗೊಬ್ಬರದ ಬಾಕಿ, ಅಡಿಕೆಯ ಕೊಳೆರೋಗ ಇವುಗಳ ಮಾತಿಗಿಂತ ಶಿಕಾರಿಯ ಮಾತೇ ಹೆಚ್ಚಾಗಿತ್ತು. ಹೊರಗೆ ಮಳೆ, ಒಳಗೆ ಕಾಫಿ. ಹೀಗಿರಲು ಮಾತಿಗೆ ಬರವೇ? ಘಟ್ಟದ ಮೇಲಿನ ಕಾಫಿ ಬೆಳೆಗಾರರೂ ಸಂಪಾಜೆಯಿಂದ ಕೆಳಗಿನ ಅಡಿಕೆ ಬೆಳೆಗಾರರೂ ಒಂದೇ ಬೆಂಚಿನಲ್ಲಿ ಕುಳಿತು ಹೇಳಿದ್ದನ್ನು ಕೇಳಿದ ಮೇಲೆ, ಇದನ್ನು ಪತ್ರಿಕೆಯಲ್ಲಿ ಬರೆಯುವುದೇ ಲೇಸೆಂದು ತೋರಿತು. ಏಕೆಂದರೆ ಹಳೆಯ ಶಿಕಾರಿಯ ರಸವತ್ತಾದ ಕಥೆಗಳ ಕೊನೆಗೆ ಎಲ್ಲರ ಮಾತೂ ಒಂದೇ ಕಡೆ ಬಂದು ನಿಲ್ಲುತ್ತಿತ್ತು: ತೋಟದ ಬೇಲಿಯ ಉರುಳು.

ಮೊದಲು ಹಬ್ಬದ ವಿಚಾರ. ಕೈಲ್ ಎಂದರೆ ಆಯುಧ. ಕಕ್ಕಡದ ಮಳೆಯಲ್ಲಿ ಗದ್ದೆಯ ನಾಟಿ ನಡೆಯುವಾಗ ಕೋವಿ ಕತ್ತಿಗಳನ್ನು ಮುಟ್ಟದೆ ಇಟ್ಟು, ನಾಟಿ ಮುಗಿದ ಮೇಲೆ ಹೊರತೆಗೆದು, ಒರೆಸಿ, ಗಂಧವಿಟ್ಟು, ಕೋವಿಯ ಬಾಯಿಗೆ ತೋಕ್ ಪೂ ಸಿಕ್ಕಿಸಿ ಪೂಜಿಸುವುದು ಕೊಡಗಿನ ಸಂಪ್ರದಾಯ. ಈಗ ಸಾಮಾನ್ಯವಾಗಿ ಸೆಪ್ಟೆಂಬರ್ 3ರಂದು ಆಚರಿಸುತ್ತೇವಾದರೂ ಹಿಂದೆ ನಾಡಿನಿಂದ ನಾಡಿಗೆ ದಿನ ಹಿಂದುಮುಂದಾಗುತ್ತಿತ್ತು. ಯಾರ ನಾಟಿ ಯಾವಾಗ ಮುಗಿಯಿತೋ ಅವರಿಗೆ ಆಗ ಹಬ್ಬ. ಕಡಂಬುಟ್ಟು, ಹಂದಿ ಸಾರು ಉಂಡ ಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಅದಾದ ಮೇಲೆ ಹಿಂದಿನವರು ನಾಯಿಗಳನ್ನು ಕಟ್ಟಿಕೊಂಡು ಕಾಡಿಗೆ ಇಳಿಯುತ್ತಿದ್ದರು. ಶಿಕಾರಿಯ ಕಾಲ ತೆರೆಯುತ್ತಿದ್ದುದು ಅಂದು.

ಘಟ್ಟದ ಕೆಳಗಿನವರಿಗೆ ಇದೇ ಬಗೆಯ ದಿನ ಕೆಡ್ಡಸ. ಮಕರ ಮಾಸದ ಕೊನೆಗೆ, ಫೆಬ್ರವರಿ ಎರಡನೆಯ ವಾರದ ಸುಮಾರಿಗೆ, ಮೂರು ದಿನ ಭೂಮಿತಾಯಿ ಮೈಲಿಗೆ ಎಂದು ನೆಲಕ್ಕೆ ಹಾರೆ ತಾಗಿಸುವುದಿಲ್ಲ. ಹೆಂಗಸರು ನನ್ನೆರಿ ಮಾಡುತ್ತಾರೆ. ಕೆಲಸವಿಲ್ಲದ ಗಂಡಸರು ಬೋಂಟೆಗೆ ಹೋಗುತ್ತಿದ್ದರು. ಮೇಲೆ ಸೆಪ್ಟೆಂಬರ್, ಕೆಳಗೆ ಫೆಬ್ರವರಿ. ಲೆಕ್ಕ ಬೇರೆಯಾದರೂ ಎರಡರಲ್ಲೂ ಬೇಸಾಯದ ಬಿಡುವು ನೋಡಿಯೇ ಬೇಟೆಯ ದಿನ ಗೊತ್ತಾಗಿರುವುದು ಕಾಣುತ್ತದೆ.

ನಮ್ಮಲ್ಲಿ ಕೋವಿಗಿಂತ ಹಿಂದಿನದು ಬಿಲ್ಲು. ಕೊಡವರ ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಹರಳು ಗಿಡದ ಕಡ್ಡಿಯಿಂದ ಪುಟ್ಟ ಬಿಲ್ಲು ಮಾಡಿ, ಎಲೆಯ ತೊಟ್ಟನ್ನೇ ಬಾಣವಾಗಿಸಿ ಶಿಶುವಿನ ಕೈಗೆ ಮುಟ್ಟಿಸುವ ಪದ್ಧತಿಯಿತ್ತು. ಅದೇ ಹೊತ್ತಿಗೆ ಅಂಗಳದಲ್ಲಿ ಒಂದು ಗುಂಡು. ಬಿಲ್ಲೂ ಕೋವಿಯೂ ಒಟ್ಟಿಗೇ ಲೋಕಕ್ಕೆ ಸ್ವಾಗತ ಹೇಳುತ್ತಿದ್ದವು. ತೀರ್ಥಹಳ್ಳಿ ಕಡೆಯಿಂದ ಸಂಬಂಧ ಬೆಳೆಸಿದ ನಮ್ಮ ಸದಸ್ಯರೊಬ್ಬರು ಹೇಳಿದರು: ಅವರ ಕಡೆ ಹಳು ನುಗ್ಗುವವರು ಒಂದು ದಿಕ್ಕಿನಿಂದ ಬಂದರೆ ಕೋವಿ ಹಿಡಿದವರು ಕಾದು ನಿಲ್ಲುವ ಜಾಗಕ್ಕೆ ಇಂದಿಗೂ ಬಿಲ್ಲು ಎಂದೇ ಹೆಸರಂತೆ. ಕೈಯಲ್ಲಿ ಕೋವಿ, ಮಾತಿನಲ್ಲಿ ಬಿಲ್ಲು.

ಬಿಲ್ಲಿನ ಬೇಟೆಯೆಂದರೆ ಪ್ರಾಣಿಯ ಹತ್ತಿರ ಹೋಗಲೇಬೇಕು. ಕಡವೆಯ ಮೂಗು ನಮ್ಮ ಮೂಗಿನಂತಲ್ಲ. ಗಾಳಿ ಒಂದಿಷ್ಟು ತಿರುಗಿದರೆ ಸಾಕು, ‘ಢಾಂಕ್’ ಎಂದು ಕೂಗಿ ಇಡೀ ಕಾಡಿಗೆ ಸುದ್ದಿ ಹೇಳಿಬಿಡುತ್ತದೆ. ಆದ್ದರಿಂದ ದಿನಗಟ್ಟಲೆ ಅಲೆದು ಬರಿಗೈಯಲ್ಲಿ ಬಂದವರೇ ಹೆಚ್ಚೆಂದು ಊಹಿಸುವುದಕ್ಕೆ ದೊಡ್ಡ ವಿದ್ಯೆ ಬೇಡ. ಬರಿಗೈಯಲ್ಲಿ ಬಂದದ್ದನ್ನು ಯಾರೂ ಹಾಡು ಕಟ್ಟಿ ಹೇಳುವುದಿಲ್ಲ, ಅಷ್ಟೆ.

ಎಂಬತ್ತು ದಾಟಿದ ನಮ್ಮ ಹಿರಿಯ ಸದಸ್ಯರೊಬ್ಬರು, ಊರವರೆಲ್ಲರಿಗೂ ಅಜ್ಜ, 1960ರ ದಶಕದಲ್ಲಿ ಹುಡುಗನಾಗಿ ಕೈಲ್ ಮುಹೂರ್ತದ ಶಿಕಾರಿಗೆ ಹೋದವರು. ಅಂದು ಅವರು ಹೇಳಿದ್ದನ್ನು ಸಾಧ್ಯವಾದಷ್ಟು ಅವರ ಮಾತಿನಲ್ಲೇ ಕೊಡುತ್ತೇವೆ. “ಮೊದಲ ಸಲ ನನಗೆ ಕೋವಿ ಕೊಡಲಿಲ್ಲ. ನಾಯಿಯ ಹಗ್ಗ ಕೊಟ್ಟರು. ಎರಡನೇ ವರ್ಷವೂ ಹಗ್ಗವೇ. ಮೂರನೇ ವರ್ಷ ದೊಡ್ಡಪ್ಪ ಕೋವಿ ಕೈಗಿಟ್ಟು, ಹೆಣ್ಣು ಕಂಡರೆ ಬೆರಳು ತೆಗಿ ಅಂದರು. ಆ ದಿನ ನನ್ನ ಎದುರಿಗೇ ಕಡವೆ ಬಂತು. ಹಿಂದೆ ಮರಿ. ನಾನು ಬೆರಳು ತೆಗೆದೆ. ಹಳು ನುಗ್ಗಿದವರು ಬಂದು, ಎಂಥಾ ಮಾರಾಯ, ನಿನ್ನ ಕಣ್ಣಿಗೆ ಏನಾಗಿದೆ ಅಂತ ಬೈದರು. ದೊಡ್ಡಪ್ಪ ಮಾತ್ರ ಏನೂ ಹೇಳಲಿಲ್ಲ. ಮನೆಗೆ ಬಂದ ಮೇಲೆ ನನ್ನ ಎಲೆಗೆ ಒಂದು ಕಡಂಬುಟ್ಟು ಜಾಸ್ತಿ ಹಾಕಿಸಿದರು.”

ಪಾಲಿನ ಲೆಕ್ಕವನ್ನೂ ಅಜ್ಜ ಹೇಳಿದರು. ಗುಂಡು ತಾಗಿಸಿದವನಿಗೆ ಹೆಚ್ಚಿನ ಪಾಲು, ಹಳು ನುಗ್ಗಿದವರಿಗೆ ಸಮಪಾಲು, ನಾಯಿಗೂ ಒಂದು ಪಾಲು. ಊರಿಂದೂರಿಗೆ ಕ್ರಮ ಬೇರೆ. ಆದರೆ ಯಾರಿಗೆ ಏನು ಸಿಕ್ಕಿತೆಂಬುದು ಹತ್ತು ಜನರ ಎದುರಿಗೆ ನಿರ್ಣಯವಾಗುತ್ತಿತ್ತು. ಕದ್ದು ತಿನ್ನುವ ಪ್ರಶ್ನೆಯಿರಲಿಲ್ಲ. ಹುಲಿ ಹೊಡೆದವನಿಗಂತೂ ನರಿ ಮಂಗಲವೆಂದು ಮದುವೆಯ ಗಂಡಿನಂತೆ ಕೂರಿಸಿ ಮರ್ಯಾದೆ ಮಾಡುತ್ತಿದ್ದರು. (ಕೊಡವ ತಕ್ಕಿನಲ್ಲಿ ನರಿ ಎಂದರೆ ಹುಲಿ. ಇದು ತಿಳಿಯದ ಸುಳ್ಯದ ಮಿತ್ರರೊಬ್ಬರು, ಒಂದು ನರಿ ಹೊಡೆದದ್ದಕ್ಕೆ ಇಷ್ಟು ಸಂಭ್ರಮವೇ ಎಂದು ಕೇಳಿ ಬೆಂಚಿನ ಮೇಲಿದ್ದವರನ್ನೆಲ್ಲ ನಗಿಸಿದರು.)

ಇಷ್ಟನ್ನು ಕೇಳಿ ಹಿಂದಿನ ಕಾಲವೇ ಸತ್ಯಯುಗವಾಗಿತ್ತೆಂದು ನಾವು ಹೇಳುವುದಿಲ್ಲ. ಮಳೆಗಾಲದ ಬಿಡುವು ಮರಿ ಹಾಕಿದ ಪ್ರಾಣಿಗಳ ಮೇಲಿನ ಕರುಣೆಯಿಂದಲೇ ಬಂದದ್ದೆಂದೂ ವಾದಿಸುವುದಿಲ್ಲ. ಗದ್ದೆಗೆ ಆಳು ಬೇಕಿತ್ತು, ಮದ್ದು ಒದ್ದೆಯಾಗುತ್ತಿತ್ತು, ಜಿಗಣೆ ಕಚ್ಚುತ್ತಿತ್ತು. ಕಾರಣ ಏನೇ ಇರಲಿ, ಕಾಡಿಗೆ ಕೆಲವು ತಿಂಗಳ ಬಿಡುವು ಸಿಗುತ್ತಿದ್ದುದು ನಿಜ. 1854ರಲ್ಲಿ ಜಾನ್ ಫೌಲರ್ ಮಡಿಕೇರಿಯ ಬಳಿ ಕಾಫಿ ತೋಟ ತೆಗೆದ ಮೇಲೆ ಬೆಟ್ಟದ ಮೇಲೆ ಬೆಟ್ಟ ತೋಟವಾಯಿತು. ಕೋವಿ ಸುಧಾರಿಸಿತು, ಟಾರ್ಚು ಬಂತು, ಜೀಪು ಬಂತು. ರಾತ್ರಿ ಬೆಳಕು ಬಿಟ್ಟು ಕಣ್ಣು ಹೊಳೆದ ಕಡೆಗೆ ಗುಂಡು ಹಾರಿಸುವವನಿಗೆ ಗಂಡು ಯಾವುದು, ಹೆಣ್ಣು ಯಾವುದು? ಕಾನೂನು ಬರುವ ಮೊದಲೇ ನಮ್ಮ ಹಿರಿಯರ ಕಟ್ಟುಪಾಡು ಸಡಿಲವಾಗಿತ್ತೆಂದು ಅಜ್ಜನೇ ಒಪ್ಪಿಕೊಂಡರು.

ಕಾನೂನಿನ ಮಾತು ಬಂದುದರಿಂದ ಸದಸ್ಯರಲ್ಲಿರುವ ಎರಡು ತಪ್ಪು ತಿಳಿವಳಿಕೆಗಳನ್ನು ಇಲ್ಲಿ ತಿದ್ದಬೇಕಾಗಿದೆ.

ವನ್ಯಜೀವಿ ಸಂರಕ್ಷಣಾ ಕಾಯಿದೆ 1972ರಲ್ಲಿ ಬಂದಾಗ ಕೆಲವು ಪ್ರಾಣಿಗಳ ಬೇಟೆಗೆ ಲೈಸೆನ್ಸು ಕೊಡುವ ಏರ್ಪಾಡು ಅದರಲ್ಲಿತ್ತು. 1991ರ ತಿದ್ದುಪಡಿಯಿಂದ ಅದು ಹೋಯಿತು. 2022ರ ತಿದ್ದುಪಡಿಯಲ್ಲಿ ಅನುಸೂಚಿಗಳನ್ನು ಹೊಸದಾಗಿ ಜೋಡಿಸಿ ದಂಡವನ್ನು ಏರಿಸಿದರು. ಕಡವೆ, ಜಿಂಕೆ, ಕಾಡುಕುರಿ, ಬರಿಂಕ, ಇವು ಯಾವುವನ್ನೂ ನಾವು ನಮ್ಮ ಜಮೀನಿನಲ್ಲಾದರೂ ಕೊಲ್ಲುವಂತಿಲ್ಲ. ‘ನನ್ನ ಪಟ್ಟಾ ಜಾಗ, ನನ್ನ ಬೆಳೆ’ ಎಂಬ ವಾದ ನಿಲ್ಲುವುದಿಲ್ಲ. ಇನ್ನೊಂದು ಮಾತು: ಕಾಯಿದೆಯ ಪ್ರಕಾರ ಬೇಟೆ ಎಂದರೆ ಗುಂಡು ಹೊಡೆಯುವುದು ಮಾತ್ರವಲ್ಲ. ಉರುಳು ಹಾಕುವುದೂ ಬೇಟೆ, ಹಾಕಲು ಯತ್ನಿಸುವುದೂ ಬೇಟೆ. ಆ ಉರುಳಿಗೆ ಚಿರತೆಯಂಥ ಮೊದಲನೆಯ ಅನುಸೂಚಿಯ ಪ್ರಾಣಿ ಬಿದ್ದರೆ ಶಿಕ್ಷೆ ಕನಿಷ್ಠ 3 ವರ್ಷ, 7 ವರ್ಷದವರೆಗೂ ಹೋಗಬಹುದು.

ಎರಡನೆಯದು ಕೋವಿಯ ಹಕ್ಕು. 1861ರಿಂದ ನಡೆದುಬಂದ ರಿಯಾಯಿತಿಯಂತೆ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸಿನ ವಿನಾಯಿತಿಯುಂಟು. ಕೇಂದ್ರ ಸರಕಾರ 2019ರಲ್ಲಿ ಇದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವೂ ಎತ್ತಿಹಿಡಿಯಿತು. ಇದು ಕೋವಿ ಇಟ್ಟುಕೊಳ್ಳುವುದಕ್ಕೆ ಸಿಕ್ಕ ವಿನಾಯಿತಿ. ಅದರಿಂದ ಕಡವೆ ಹೊಡೆಯುವುದಕ್ಕೆ ಯಾವ ವಿನಾಯಿತಿಯೂ ಇಲ್ಲ. ಒಬ್ಬಿಬ್ಬರ ಬಾಯಿಚಪಲದಿಂದ ಇಡೀ ನಾಡಿನ ಈ ಹಕ್ಕಿನ ಮೇಲೆ ಕಣ್ಣು ಬಿದ್ದರೆ ಅದರ ನಷ್ಟ ಎಲ್ಲರಿಗೂ.

ಇನ್ನು ಉರುಳಿನ ವಿಷಯ. ಕಳೆದ ಕೊಯ್ಲಿನ ಕಾಲದಲ್ಲಿ ನಮ್ಮ ಸದಸ್ಯರೊಬ್ಬರ ರೊಬಸ್ಟಾ ತೋಟದ ಕೆಳ ಅಂಚಿನಲ್ಲಿ, ತೊರೆಯ ಕಡೆಯ ಬೇಲಿಯಲ್ಲಿ, ಬೆಳಿಗ್ಗೆ ಹಣ್ಣು ಕೊಯ್ಯಲು ಹೋದ ಹೆಂಗಸರು ಕೂಗಿಕೊಂಡರು. ಬೈಕಿನ ಕ್ಲಚ್ ಕೇಬಲಿನ ಉರುಳು. ಹೆಣ್ಣು ಕಡವೆ ಹಿಂಗಾಲು ಸಿಕ್ಕಿಸಿಕೊಂಡು ಇಡೀ ರಾತ್ರಿ ಒದ್ದಾಡಿ ಸುತ್ತಲಿನ ಆರೇಳು ಕಾಫಿ ಗಿಡಗಳನ್ನು ನೆಲಸಮ ಮಾಡಿತ್ತು. ಕೇಬಲು ಮೂಳೆಯವರೆಗೆ ಇಳಿದಿತ್ತು. ತೋಟದವರು ಕೂಡಲೇ ಅರಣ್ಯದವರಿಗೆ ಫೋನು ಮಾಡಿದರು, ನಮಗೂ ಹೇಳಿಕಳುಹಿಸಿದರು. ನಾವು ಹೋಗುವ ಹೊತ್ತಿಗೆ ಅದಕ್ಕೆ ಇನ್ನೂ ಜೀವವಿತ್ತು. ಹತ್ತಿರ ಹೋದರೆ ಹೆದರಿ ಮತ್ತೆ ಎಳೆಯುತ್ತದೆಂದು ಎಲ್ಲರೂ ದೂರ ನಿಂತೆವು. ವೈದ್ಯರು ಬರುವ ಮೊದಲೇ ಸತ್ತುಹೋಯಿತು. ಹೊಟ್ಟೆಯಲ್ಲಿ ಮರಿಯಿತ್ತೆಂದು ಆಮೇಲೆ ತಿಳಿಯಿತು.

ಉರುಳು ಹಾಕಿದವರು ಯಾರೆಂದು ಇವತ್ತಿಗೂ ಗೊತ್ತಾಗಿಲ್ಲ. ತೋಟದ ಮಾಲೀಕರು ಹಾಕಿಸಲಿಲ್ಲವೆಂಬುದು ನಮಗೆಲ್ಲ ಗೊತ್ತು. ತಾವಾಗಿಯೇ ತಿಳಿಸಿದ್ದರಿಂದ ತನಿಖೆಗೆ ಬಂದವರೂ ಅದನ್ನು ನಂಬಿದರು. ಆದರೂ ಎರಡು ದಿನ ಹೇಳಿಕೆ, ಪಂಚನಾಮೆ, ಮತ್ತೆ ಹೇಳಿಕೆ. ಹಣ್ಣು ಗಿಡದಲ್ಲೇ ಒಣಗಿತು. ಕೊಯ್ಲಿಗೆ ಹೊರಗಿನಿಂದ ಬಂದಿದ್ದ ಎರಡು ಸಂಸಾರಗಳು ಪೊಲೀಸು ಎಂಬ ಮಾತು ಕೇಳಿದ್ದೇ ರಾತ್ರೋರಾತ್ರಿ ಗಂಟು ಕಟ್ಟಿದವು. ಅದೇ ಬೇಲಿಯನ್ನು ಮರುದಿನ ಹುಡುಕಿದಾಗ ಇನ್ನೂ ನಾಲ್ಕು ಉರುಳು ಸಿಕ್ಕಿದವು. ಒಂದರಲ್ಲಿ ಪಕ್ಕದ ಮನೆಯವರ ನಾಯಿಯ ಪಟ್ಟಿ ಮಾತ್ರ ಉಳಿದಿತ್ತು.

ಇದನ್ನು ಕೇಳಿದ ಅಜ್ಜ ಬಹಳ ಹೊತ್ತು ಸುಮ್ಮನಿದ್ದು, “ಬೆರಳು ತೆಗಿ ಅಂತ ಉರುಳಿಗೆ ಯಾರು ಹೇಳುವುದು?” ಎಂದರು. ಕೈಲ್ ಮುಹೂರ್ತ ಬಂದರೂ ಹೋದರೂ ಅದಕ್ಕೆ ಒಂದೇ. ಮಳೆಗಾಲವಿಲ್ಲ, ಮರಿಯಿಲ್ಲ, ಗಂಡು ಹೆಣ್ಣಿಲ್ಲ. ಹಾಕಿದವನು ಕುಡಿದು ಮಲಗಿದ್ದರೂ ಅದು ಎಚ್ಚರವಾಗಿರುತ್ತದೆ. ಹಂದಿಗೆಂದು ಹಾಕಿದ್ದರಲ್ಲಿ ಚಿರತೆ, ಹುಲಿ ಬಿದ್ದು ಸತ್ತ ಪ್ರಸಂಗಗಳು ಕೊಡಗು, ಚಿಕ್ಕಮಗಳೂರು, ಹಾಸನ ಮೂರೂ ಜಿಲ್ಲೆಗಳ ಕಾಫಿ ತೋಟಗಳಲ್ಲಿ ನಡೆದಿವೆ. ಸಾಯದೆ ಸಿಕ್ಕಿಕೊಂಡ ಚಿರತೆಯ ಎದುರಿಗೆ ಕೊಯ್ಲಿನ ಹೆಂಗಸೊಬ್ಬಳು ಹೋಗಿ ನಿಂತರೆ ಗತಿಯೇನು?

ಹಾಗೆಂದು ಬೆಳೆನಷ್ಟ ಸುಳ್ಳೇ? ಖಂಡಿತ ಅಲ್ಲ. ಕಡವೆ ಅಡಿಕೆ ಸಸಿಯ ಸುಳಿ ತಿನ್ನುತ್ತದೆ. ಗಂಡು ಕಡವೆ ಕೊಂಬಿನ ತುರಿಕೆಗೆ ಎಳೆಯ ನೆರಳುಮರದ ತೊಗಟೆ ಸುಲಿಯುತ್ತದೆ. ಕಾಡುಕುರಿ ನರ್ಸರಿಗೆ ನುಗ್ಗಿದರೆ ಒಂದೇ ರಾತ್ರಿಗೆ ಸಾಲು ಬೋಳು. ಹಂದಿ, ಮಂಗ, ಮುಳ್ಳುಹಂದಿಗಳ ಪುರಾಣ ಬೇರೆಯೇ ಇದೆ. ಎರಡೆಕರೆಯವನಿಗೆ ನೂರು ಸಸಿ ಹೋದರೆ ಮೂರು ವರ್ಷ ಹಿಂದಕ್ಕೆ ಹೋದಂತೆ. ಪರಿಹಾರದ ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದವರ ಸಿಟ್ಟು ನಮಗೆ ಅರ್ಥವಾಗುತ್ತದೆ; ಪಟ್ಟಣದಲ್ಲಿ ಕುಳಿತು ಕಾಡುಪ್ರಾಣಿಯ ಮೇಲೆ ಪ್ರೀತಿ ಸುರಿಸುವವರು ಒಂದು ವರ್ಷ ಸಸಿ ಕಾದು ನೋಡಲಿ ಎಂದೂ ಅನಿಸುತ್ತದೆ. ಆದರೆ ಸಸಿಯ ಸಿಟ್ಟನ್ನು ಉರುಳಿನಿಂದ ತೀರಿಸಿಕೊಂಡವರ ಸಸಿ ಉಳಿದದ್ದನ್ನು ನಾವು ಕಂಡಿಲ್ಲ. ಉರುಳು ಹಾಕುವವನಿಗೆ ಬೇಕಾದದ್ದು ಮಾಂಸ; ಮಾಲೀಕನ ಸಸಿಯ ಯೋಚನೆ ಅವನಿಗಿಲ್ಲ.

ಸದಸ್ಯರ ಅನುಭವದಲ್ಲಿ ಫಲ ಕೊಟ್ಟವು ಸಣ್ಣ ಉಪಾಯಗಳೇ. ಹೊಸ ಅಡಿಕೆ ಸಸಿಗೆ ಮೊದಲ ಎರಡು ವರ್ಷ ಬಿದಿರಿನ ಮುಳ್ಳಿನ ಗೂಡು ಕಟ್ಟಿದವರ ನಷ್ಟ ಬಹಳ ಕಡಿಮೆ. ಕೂಲಿ ಖರ್ಚೇನೋ ಇದೆ. ಮತ್ತೆ ಸಸಿ ಹಾಕುವ ಖರ್ಚಿಗಿಂತ ಕಡಿಮೆಯೇ. ನರ್ಸರಿಯನ್ನು ಮನೆಯ ಅಂಗಳದ ಹತ್ತಿರ ತಂದವರಿಗೆ ಕಾಡುಕುರಿಯ ಕಾಟ ತಪ್ಪಿದೆ. ಮಂಗಳೂರಿನಿಂದ ಹಳೆಯ ಮೀನುಬಲೆ ತಂದು ಬೇಲಿಗೆ ಕಟ್ಟುವ ರೂಢಿ ಈಚೆಗೆ ಹೆಚ್ಚಾಗಿದೆ. ಅಗ್ಗವೇ ಸರಿ. ಆದರೆ ಸಡಿಲ ಬಿಟ್ಟ ಬಲೆಗೆ ಗಂಡು ಕಡವೆಯ ಕೊಂಬು ಸಿಕ್ಕಿ ಅದೂ ಉರುಳೇ ಆಗುತ್ತದೆ. ಹಾವುಗಳೂ ಸಿಕ್ಕಿ ಸಾಯುತ್ತವೆ. ಕಟ್ಟುವುದಾದರೆ ಬಿಗಿಯಾಗಿ ಕಟ್ಟಿ, ವಾರಕ್ಕೊಮ್ಮೆ ನೋಡಿ. ಬೇಲಿಗೆ ನೇರವಾಗಿ ಕರೆಂಟು ಕೊಡುವವರ ವಿಷಯ ಬರೆಯಲೂ ಭಯವಾಗುತ್ತದೆ. ದಯವಿಟ್ಟು ಬೇಡ.

ಕೈಲ್ ಮುಹೂರ್ತದಿಂದ ಕೊಯ್ಲು ಮುಗಿಯುವವರೆಗಿನ ತಿಂಗಳುಗಳಲ್ಲಿ ಪ್ರತಿಯೊಬ್ಬ ಸದಸ್ಯರೂ ತಮ್ಮ ಗಡಿಬೇಲಿಯನ್ನು ವಾರಕ್ಕೊಮ್ಮೆ ಸ್ವತಃ ನಡೆದು ನೋಡಬೇಕೆಂದು ಬೆಂಚಿನಲ್ಲಿ ಕುಳಿತವರೇ ಮಾತಾಡಿಕೊಂಡರು. ಪ್ರಾಣಿ ನುಸುಳುವ ಕಂಡಿಗಳು, ತೊರೆಯ ದಾಟು, ಕಾಡಿಗೆ ತಾಗಿದ ಮೂಲೆ ಇವನ್ನು ಬಾಗಿ ನೋಡಬೇಕು. ಕೇಬಲು ಸಾಮಾನ್ಯವಾಗಿ ಮೊಣಕಾಲಿನ ಕೆಳಗಿರುತ್ತದೆ. ಖಾಲಿ ಉರುಳು ಸಿಕ್ಕಿದರೆ ಫೋಟೋ ತೆಗೆದು, ದಿನಾಂಕ ಬರೆದಿಟ್ಟು ವಲಯ ಕಚೇರಿಗೆ ತಿಳಿಸಿ. ಪ್ರಾಣಿ ಸಿಕ್ಕಿಕೊಂಡಿದ್ದರೆ ಬಿಡಿಸಲು ಹೋಗಬೇಡಿ, ಆಳುಗಳನ್ನು ದೂರ ಕಳುಹಿಸಿ ಫೋನು ಮಾಡಿ. ಕೊಯ್ಲಿನ ಮೇಸ್ತ್ರಿಯೊಡನೆ ಮುಂಗಡದ ಮಾತಾಡುವಾಗಲೇ ಉರುಳು ಕೂಡದೆಂದು ಸ್ಪಷ್ಟವಾಗಿ ಹೇಳಿಬಿಡಿ.

ಬೆಳೆನಷ್ಟದ ಅರ್ಜಿಗೆ ಹಾಳಾದ ಗಿಡಗಳ ಫೋಟೋ ಮತ್ತು ಪಹಣಿಯ ಪ್ರತಿ ಕೈಯಲ್ಲಿರಲಿ. ಯಾವ ಪ್ರಾಣಿಗೆ, ಯಾವ ಬೆಳೆಗೆ ಎಷ್ಟು ಎಂಬುದು ಆದೇಶದಿಂದ ಆದೇಶಕ್ಕೆ ಬದಲಾಗುವುದರಿಂದ ವಲಯ ಕಚೇರಿಯಲ್ಲಿ ವಿಚಾರಿಸಿಕೊಂಡೇ ಬರೆಯಿರಿ. ಬರೆಯಲು ಕಷ್ಟವಾಗುವ ಸದಸ್ಯರು ಸಂತೆಯ ದಿನ ಮಧ್ಯಾಹ್ನದ ಮೇಲೆ ಕಾರ್ಯಾಲಯಕ್ಕೆ ಬಂದರೆ ನಾವೇ ಕುಳಿತು ಬರೆದುಕೊಡುತ್ತೇವೆ. ಬರುವಾಗ ಬೇಲಿಯಲ್ಲಿ ಸಿಕ್ಕಿದ ಉರುಳಿನ ಲೆಕ್ಕವನ್ನೂ ತನ್ನಿ. ಎಲ್ಲಿ, ಎಷ್ಟು ಎಂದು ಒಂದು ಪುಸ್ತಕದಲ್ಲಿ ದಾಖಲಿಸಲು ಆರಂಭಿಸಿದ್ದೇವೆ.