ಹಳೆಯ ವಿಡಿಯೋ ಕ್ಯಾಸೆಟ್‌ಗಳನ್ನು ಮನೆಯಲ್ಲಿಯೇ ಡಿಜಿಟಲ್ ರೂಪಕ್ಕೆ ಪರಿವರ್ತಿಸಿಕೊಳ್ಳುವ ಬಗ್ಗೆ ಮಾಹಿತಿ

ಮದುವೆ, ನಾಮಕರಣ, ಗೃಹಪ್ರವೇಶ ಮುಂತಾದ ಸಮಾರಂಭಗಳ ವಿ.ಹೆಚ್.ಎಸ್. ಕ್ಯಾಸೆಟ್‌ಗಳು ಅನೇಕ ಮನೆಗಳಲ್ಲಿ ಇಂದಿಗೂ ಇವೆ. ಕ್ಯಾಸೆಟ್ ಇದ್ದ ಮಾತ್ರಕ್ಕೆ ಚಿತ್ರವು ಭದ್ರವಾಗಿದೆಯೆಂದು ಭಾವಿಸತಕ್ಕದ್ದಲ್ಲ. ಟೇಪಿನ ಕಾಂತೀಯ ಲೇಪನವು ಕಾಲಕ್ರಮೇಣ ಕ್ಷೀಣಿಸುತ್ತದೆ. ವಿ.ಸಿ.ಆರ್. ಯಂತ್ರಗಳ ಕೊನೆಯ ತಯಾರಕರಾದ ಜಪಾನಿನ ಫುನಾಯ್ ಕಂಪನಿಯು 2016ರ ಜುಲೈ ತಿಂಗಳಲ್ಲಿ ತಯಾರಿಕೆಯನ್ನು ಸ್ಥಗಿತಗೊಳಿಸಿರುವುದರಿಂದ, ಹಳೆಯ ಯಂತ್ರಗಳನ್ನೇ ಅವಲಂಬಿಸಬೇಕಾಗಿರುತ್ತದೆ.

ಸುಸ್ಥಿತಿಯಲ್ಲಿರುವ ವಿ.ಸಿ.ಆರ್. ಅಥವಾ ವಿ.ಸಿ.ಪಿ., ಕಂಪ್ಯೂಟರ್ ಮತ್ತು ಯು.ಎಸ್.ಬಿ. ವಿಡಿಯೋ ಕ್ಯಾಪ್ಚರ್ ಸಾಧನ ಇದ್ದಲ್ಲಿ ಸಾಕು. ಸದರಿ ಸಾಧನವು ಕಡಿಮೆ ಬೆಲೆಗೆ ದೊರೆಯುತ್ತದೆ. ಹಳದಿ ತಂತಿಯು ಚಿತ್ರಕ್ಕೆ, ಬಿಳಿ ಮತ್ತು ಕೆಂಪು ತಂತಿಗಳು ಧ್ವನಿಗೆ ಸಂಬಂಧಿಸಿರುತ್ತವೆ. ಓ.ಬಿ.ಎಸ್. ಸ್ಟುಡಿಯೋ ತಂತ್ರಾಂಶವು ಉಚಿತವಾಗಿ ಲಭ್ಯವಿದೆ.

ಕ್ಯಾಸೆಟ್ಟನ್ನು ಯಂತ್ರಕ್ಕೆ ಹಾಕುವ ಮುನ್ನ ಅದರ ಕಿಟಕಿಯ ಮೂಲಕ ಟೇಪಿನ ಅಂಚನ್ನು ಪರೀಕ್ಷಿಸತಕ್ಕದ್ದು. ಬಿಳಿ ಬೂಷ್ಟು ಕಂಡುಬಂದಲ್ಲಿ ಯಾವುದೇ ಕಾರಣಕ್ಕೂ ಚಲಾಯಿಸಬಾರದು. ಬೂಷ್ಟು ಯಂತ್ರದ ಹೆಡ್‌ಗೆ ತಗುಲಿ ಮುಂದಿನ ಕ್ಯಾಸೆಟ್‌ಗಳಿಗೂ ಹರಡುತ್ತದೆ. ಈ ಟಿಪ್ಪಣಿಯನ್ನು ಸಿದ್ಧಪಡಿಸಿದ ಅಧಿಕಾರಿಯ ಮನೆಯಲ್ಲಿ ಇಂತಹ ಆತುರದಿಂದ ಟೇಪು ತುಂಡಾಗಿ, ಅಜ್ಜಿಯವರು ಸೋಬಾನೆ ಹಾಡಿದ್ದ ಭಾಗವು ಕೈತಪ್ಪಿರುತ್ತದೆ. ಆ ಧ್ವನಿಯ ಬೇರೆ ಪ್ರತಿ ಇರಲಿಲ್ಲ. ಇಂತಹ ಕ್ಯಾಸೆಟ್ಟನ್ನು ಅನುಭವಸ್ಥರಿಗೆ ಒಪ್ಪಿಸುವುದು ಲೇಸು.

ಸುಸ್ಥಿತಿಯ ಕ್ಯಾಸೆಟ್ಟನ್ನು ಒಮ್ಮೆ ಕೊನೆಯವರೆಗೆ ಓಡಿಸಿ, ಪುನಃ ಆರಂಭಕ್ಕೆ ಸುತ್ತಬೇಕು. ಹಿಂಬದಿಯ ರಕ್ಷಣಾ ಪಟ್ಟಿಯನ್ನು ಮುರಿದಲ್ಲಿ ಅದರ ಮೇಲೆ ಅಕಸ್ಮಾತ್ ಮರುಮುದ್ರಣವಾಗುವುದು ತಪ್ಪುತ್ತದೆ. ತಂತ್ರಾಂಶದಲ್ಲಿ ಪಾಲ್ ಪದ್ಧತಿ, 720x576 ಅಳತೆ ಹಾಗೂ ಸೆಕೆಂಡಿಗೆ 25 ಚೌಕಟ್ಟುಗಳನ್ನು ಆಯ್ಕೆ ಮಾಡತಕ್ಕದ್ದು. ಅಮೆರಿಕದಲ್ಲಿರುವ ಬಂಧುಗಳು ಅಲ್ಲಿ ಚಿತ್ರೀಕರಿಸಿ ಕಳುಹಿಸಿದ ಕ್ಯಾಸೆಟ್‌ಗಳು ಎನ್.ಟಿ.ಎಸ್.ಸಿ. ಪದ್ಧತಿಯವಾಗಿದ್ದು, ಅದನ್ನು ಓದಬಲ್ಲ ಯಂತ್ರವೇ ಬೇಕಾಗುತ್ತದೆ.

ಮೊದಲು ಐದು ನಿಮಿಷ ಮಾತ್ರ ಮುದ್ರಿಸಿ, ಧ್ವನಿ ಬಂದಿದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಬೇಕು. ಚಿತ್ರ ಬಂದು ಧ್ವನಿ ಬಾರದಿರುವುದು ಸಾಮಾನ್ಯ ಲೋಪ. ಮೂರು ಗಂಟೆಯ ಕ್ಯಾಸೆಟ್ಟಿಗೆ ಮೂರು ಗಂಟೆಯೇ ತಗಲುತ್ತದೆ, ಇದಕ್ಕೆ ಅಡ್ಡದಾರಿ ಇಲ್ಲ. ಸೆಕೆಂಡಿಗೆ 8 ಮೆಗಾಬಿಟ್ ದರದಲ್ಲಿ ಗಂಟೆಗೆ ಸುಮಾರು 3.6 ಗಿಗಾಬೈಟ್ ಸ್ಥಳಾವಕಾಶ ಬೇಕಾಗುತ್ತದೆ. ಮಾರಾಟಕ್ಕೆ ಬಿಡುಗಡೆಯಾದ ಚಲನಚಿತ್ರ ಕ್ಯಾಸೆಟ್‌ಗಳಿಗೆ ಕೃತಿಸ್ವಾಮ್ಯ ಅಧಿನಿಯಮ, 1957 ಅನ್ವಯಿಸುತ್ತದೆ ಎಂಬುದನ್ನು ಗಮನಿಸುವುದು.

ಕಡತಕ್ಕೆ ಸಮಾರಂಭದ ಹೆಸರು ಮತ್ತು ವರ್ಷವನ್ನು ನಮೂದಿಸಿ, ಎರಡು ಪ್ರತಿಗಳನ್ನು ಎರಡು ಬೇರೆ ಸ್ಥಳಗಳಲ್ಲಿ ಇರಿಸತಕ್ಕದ್ದು. ಮೂಲ ಕ್ಯಾಸೆಟ್ಟನ್ನು ಎಸೆಯದೆ, ತೇವವಿಲ್ಲದ ಸ್ಥಳದಲ್ಲಿ ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿಡುವುದು.