ಪಂಪ್ ಕಂಟ್ರೋಲರ್ ರಿಪೇರಿಗೆ ಸ್ಕೋಪ್ ತಗೊಂಡಿದ್ದೀರಾ? ಮೊದಲು ಸರಿಯಾದ ಪ್ರೋಬ್ ನೋಡಿ

ಟೊಮೆಟೊ ಹೂ ಬಿಡೋ ಹೊತ್ತಿಗೆ ನೀರು ತಪ್ಪಿದರೆ ಏನಾಗುತ್ತೆ ಅಂತ ಕೋಲಾರದ ಕಡೆಯವರಿಗೆ ಹೇಳಬೇಕಿಲ್ಲ. ಎರಡು ವರ್ಷದ ಹಿಂದೆ ನಮ್ಮ ತೋಟದಲ್ಲಿ ಅದೇ ಹೊತ್ತಿಗೆ ಪಂಪ್‌ನ ವಿಎಫ್‌ಡಿ ಕಂಟ್ರೋಲರ್ ಪದೇ ಪದೇ ‘ಓವರ್‌ಕರೆಂಟ್’ ಅಂತ ಟ್ರಿಪ್ ಆಗೋಕೆ ಶುರುವಾಯ್ತು. ಮೋಟಾರ್ ಇರೋದು 1,200 ಅಡಿ ಆಳದಲ್ಲಿ. ಎತ್ತಿಸಬೇಕು ಅಂದ್ರೆ ಗಾಡಿ, ಆಳು, ಎರಡು ದಿನ. ಕೆಟ್ಟಿರೋದು ಮೋಟಾರೋ ಕಂಟ್ರೋಲರೋ ನೋಡೋಣ ಅಂತ ಹೊಸದಾಗಿ ತಗೊಂಡಿದ್ದ ಆಸಿಲೋಸ್ಕೋಪ್ ತಂದು, ಪ್ರೋಬ್‌ನ ಮೊಸಳೆ ಕ್ಲಿಪ್ಪನ್ನು ಕಂಟ್ರೋಲರ್‌ನ ಡಿಸಿ ಮೈನಸ್‌ಗೆ ಹಾಕಿದೆ. ಢಂ! ಕ್ಲಿಪ್ ಕರಗಿಹೋಯ್ತು, ಸ್ಕೋಪ್ ಸತ್ತಿತು, ಅಲ್ಲೀವರೆಗೆ ಅರ್ಧ ಕೆಟ್ಟಿದ್ದ ಕಂಟ್ರೋಲರ್ ಪೂರ್ತಿ ಕೆಟ್ಟಿತು. ಕೈ ಉಳಿದಿದ್ದೇ ಪುಣ್ಯ.

ತಪ್ಪು ಎಲ್ಲಾಯ್ತು?

ಟೇಬಲ್ ಮೇಲಿಡುವ ಸ್ಕೋಪ್‌ನ ಪ್ರೋಬ್ ಕ್ಲಿಪ್ ಒಳಗಿನಿಂದ ನೇರವಾಗಿ ಮೂರು ಪಿನ್ ಪ್ಲಗ್‌ನ ಅರ್ತ್‌ಗೆ ಸೇರಿರುತ್ತೆ. ಆದರೆ ಕರೆಂಟ್‌ನಲ್ಲಿ ಓಡುವ ವಿಎಫ್‌ಡಿಯ ಡಿಸಿ ಮೈನಸ್ ಅರ್ತ್ ಅಲ್ಲ, ಅರ್ತ್‌ಗಿಂತ ನೂರಾರು ವೋಲ್ಟ್ ದೂರ ಇರುತ್ತೆ. ಅಲ್ಲಿಗೆ ಕ್ಲಿಪ್ ಹಾಕೋದು ಅಂದ್ರೆ ಫೇಸನ್ನು ಭೂಮಿಗೆ ಶಾರ್ಟ್ ಮಾಡಿದ ಹಾಗೆ.

‘ಸ್ಕೋಪ್‌ನ ಅರ್ತ್ ಪಿನ್ ಮುರಿದು ಹಾಕು, ಆಗ ಏನೂ ಆಗಲ್ಲ’ ಅನ್ನೋರು ಸಿಗ್ತಾರೆ. ಕೇಳಬೇಡಿ. ಆಗ ಸ್ಕೋಪ್‌ನ ಮೈಯೇ ಲೈವ್ ಆಗುತ್ತೆ. ತೋಟದ ಒದ್ದೆ ನೆಲದಲ್ಲಿ ನಿಂತು ಅದರ ಲೋಹದ ಭಾಗ ಮುಟ್ಟಿದರೆ ಸ್ಕೋಪ್ ಉಳಿಯುತ್ತೆ, ನೀವು ಉಳಿಯಲ್ಲ.

ಇದಕ್ಕಿರೋ ದಾರಿ ಹೈ ವೋಲ್ಟೇಜ್ ಡಿಫರೆನ್ಷಿಯಲ್ ಪ್ರೋಬ್. ಇದರ ಎರಡು ತುದಿಗಳಲ್ಲಿ ಯಾವುದೂ ಅರ್ತ್ ಅಲ್ಲ. ಎರಡೂ ತುದಿ ದೊಡ್ಡ ರೆಸಿಸ್ಟರ್‌ಗಳ ಮೂಲಕ ಒಳಗೆ ಹೋಗಿ, ಅವುಗಳ ನಡುವಿನ ವ್ಯತ್ಯಾಸ ಮಾತ್ರ ಚಿಕ್ಕದಾಗಿ ಸ್ಕೋಪ್‌ಗೆ ಬರುತ್ತೆ.

ಎಲ್ಲರಿಗೂ ಬೇಕಾ?

ಬೇಡ. ಮೊದಲು ಪುಕ್ಕಟೆ ಪರೀಕ್ಷೆ ಮಾಡಿ. ಸಪ್ಲೈ ತೆಗೆದು, ಕಂಟ್ರೋಲರ್ ಮೇಲೆ ಬರೆದಿರೋಷ್ಟು ನಿಮಿಷ ಕಾಯಿರಿ. ಡಿಸಿ ಟರ್ಮಿನಲ್‌ನಲ್ಲಿ ಚಾರ್ಜ್ ಇಳಿದಿದೆಯಾ ಅಂತ ಮೀಟರ್‌ನಲ್ಲಿ ನೋಡಿ, ಆಮೇಲೆ ಮೋಟಾರ್ ಕೇಬಲ್ ಬಿಡಿಸಿ. ಈಗ ಕಂಟ್ರೋಲರ್ ಓಡಿಸಿದಾಗಲೂ ಓವರ್‌ಕರೆಂಟ್ ಬಂದರೆ ದೋಷ ಕಂಟ್ರೋಲರ್‌ನದ್ದು. ಬರದಿದ್ದರೆ ಕೇಬಲ್ ಮತ್ತು ಮೋಟಾರ್‌ಗೆ ಮೆಗ್ಗರ್ ಹಾಕಿ. ಕೇಬಲ್ ಕಂಟ್ರೋಲರ್‌ಗೆ ಸೇರಿದ್ದಾಗ ಮಾತ್ರ ಮೆಗ್ಗರ್ ಹಾಕಬೇಡಿ, ಕಂಟ್ರೋಲರ್ ಸುಟ್ಟುಹೋಗುತ್ತೆ. ನಾನು ಅವತ್ತು ಇಷ್ಟು ಮಾಡಿದ್ದರೆ ಸಾಕಿತ್ತು.

ಸಬ್ಸಿಡಿಯಲ್ಲಿ ಬಂದ ಸೋಲಾರ್ ಪಂಪ್ ವಾರಂಟಿಯಲ್ಲಿದ್ದರೆ ಕಂಟ್ರೋಲರ್ ಬಿಚ್ಚಲೇಬೇಡಿ, ಕಂಪನಿಯವರನ್ನು ಕರೆಸಿ. ಊರಿನ ನಾಲ್ಕಾರು ಜನರ ಬೋರ್ಡ್ ರಿಪೇರಿ ಮಾಡ್ತೀನಿ, ಅದನ್ನೇ ಕಸುಬು ಮಾಡ್ಕೋತೀನಿ ಅನ್ನೋರಿಗೆ ಈ ಪ್ರೋಬ್ ಬೇಕು.

ತಗೊಳ್ಳುವಾಗ ನೋಡಬೇಕಾದ ನಾಲ್ಕು ವಿಷಯ

*1. ವೋಲ್ಟೇಜ್:* 415 ವೋಲ್ಟ್ ತ್ರೀ ಫೇಸ್‌ನ ಪೀಕ್ ಸುಮಾರು 587 ವೋಲ್ಟ್, ಡಿಸಿ ಬಸ್ ಕೂಡ ಅಷ್ಟೇ. ಲೈನ್ ವೋಲ್ಟೇಜ್ 10 ಶೇಕಡಾ ಏರಿದರೆ 645 ದಾಟುತ್ತೆ. ಸೋಲಾರ್‌ನಲ್ಲಿ 45 ವೋಲ್ಟ್‌ನ 16 ಪ್ಯಾನೆಲ್ ಸೀರೀಸ್ ಹಾಕಿದರೆ 720. ಚಳಿಗಾಲದ ಬೆಳಿಗ್ಗೆ ಇನ್ನೂ ಜಾಸ್ತಿ. ಹಾಗಾಗಿ 700 ವೋಲ್ಟ್ ಪ್ರೋಬ್ ಸಾಲದು, 1,300ರಿಂದ 1,500 ವೋಲ್ಟ್‌ನದ್ದು ನೋಡಿ. ಇನ್ನೊಂದು ಮಾತು: ಉದ್ದ ಕೇಬಲ್‌ನ ಕೊನೆಯಲ್ಲಿ, ಅಂದ್ರೆ ಮೋಟಾರ್ ತುದಿಯಲ್ಲಿ, ವಿಎಫ್‌ಡಿಯ ಪಲ್ಸ್ ಬಡಿದು ವಾಪಸ್ ಬಂದು ಬಸ್ ವೋಲ್ಟೇಜ್‌ನ ಎರಡರಷ್ಟು ಆಗಬಹುದು. ಆಳದ ಬೋರ್‌ವೆಲ್‌ಗಳಲ್ಲಿ ವಿಎಫ್‌ಡಿ ಹಾಕಿದ ಮೇಲೆ ಮೋಟಾರ್ ಬೇಗ ಸುಡೋಕೆ ಇದೂ ಒಂದು ಕಾರಣ.

*2. ಅರ್ತ್‌ಗೆ ಎಷ್ಟು ತಡೆಯುತ್ತೆ:* ಎರಡು ತುದಿಗಳ ನಡುವಿನ ಮಿತಿ ಬೇರೆ, ಪ್ರತಿ ತುದಿಯಿಂದ ಅರ್ತ್‌ಗಿರುವ ಮಿತಿ ಬೇರೆ. ಎರಡನ್ನೂ ಓದಿ. ಮೇನ್ ಬೋರ್ಡ್ ಹತ್ತಿರ ಕೆಲಸ ಮಾಡೋಕೆ ‘ಕ್ಯಾಟ್ 3, 600 ವೋಲ್ಟ್’ ಅಂತ ಬರೆದಿರಲಿ. ಜೊತೆಗೆ ಬರೋ ಕ್ಲಿಪ್‌ಗಳ ಮೇಲೂ ಅದೇ ರೇಟಿಂಗ್ ಇರಲಿ.

*3. ಬ್ಯಾಂಡ್‌ವಿಡ್ತ್:* ಇಲ್ಲಿ ದುಡ್ಡು ಉಳಿಸಬಹುದು. 25 ಮೆಗಾಹರ್ಟ್ಸ್ ಪ್ರೋಬ್ ಸುಮಾರು 14 ನ್ಯಾನೋಸೆಕೆಂಡ್‌ನ ಏರಿಕೆಯನ್ನು ತೋರಿಸುತ್ತೆ. ಪಂಪ್ ಡ್ರೈವ್‌ನ ಐಜಿಬಿಟಿಗಳು ಸಾಮಾನ್ಯವಾಗಿ ಅದಕ್ಕಿಂತ ನಿಧಾನ. 100 ಮೆಗಾಹರ್ಟ್ಸ್ ಸಿಕ್ಕರೆ ಒಳ್ಳೇದು, ಆದರೆ ಅದಕ್ಕಾಗಿ ಸಾಲ ಮಾಡಬೇಡಿ.

*4. ಸಿಎಂಆರ್‌ಆರ್:* ಎರಡು ತುದಿಯಲ್ಲೂ ಒಟ್ಟಿಗೆ ಏರಿಳಿಯುವ ವೋಲ್ಟೇಜನ್ನು ಪ್ರೋಬ್ ಎಷ್ಟು ಅಳಿಸಿಹಾಕುತ್ತೆ ಅನ್ನೋ ಲೆಕ್ಕ ಇದು. ಡೆಸಿಬೆಲ್‌ನಲ್ಲಿ ಬರೆದಿರ್ತಾರೆ. 80 ಡೆಸಿಬೆಲ್ ಅಂದ್ರೆ 600 ವೋಲ್ಟ್‌ನಲ್ಲಿ 0.06 ವೋಲ್ಟ್ ಮಾತ್ರ ತಪ್ಪು. 50 ಡೆಸಿಬೆಲ್ ಆದರೆ ಸುಮಾರು 1.9 ವೋಲ್ಟ್. 15 ವೋಲ್ಟ್‌ನ ಗೇಟ್ ಸಿಗ್ನಲ್ ನೋಡುವಾಗ ಇದು ದಾರಿ ತಪ್ಪಿಸುತ್ತೆ. ಬರೀ 50 ಹರ್ಟ್ಸ್‌ನ ಅಂಕಿ ನೋಡಿ ಮರುಳಾಗಬೇಡಿ, 1 ಮೆಗಾಹರ್ಟ್ಸ್‌ನಲ್ಲಿ ಎಷ್ಟು ಅಂತ ಕೇಳಿ.

ಕೈಗೆಟಕುವ ಪ್ರೋಬ್‌ಗಳಲ್ಲಿ ಮಿಕ್‌ಸಿಗ್ ಡಿಪಿ10013 (1,300 ವೋಲ್ಟ್, 100 ಮೆಗಾಹರ್ಟ್ಸ್, 50 ಮತ್ತು 500 ಪಟ್ಟು ಇಳಿಕೆ) ಮತ್ತು ಪಿಕೊ ಟಿಎ057 (1,400 ವೋಲ್ಟ್, 25 ಮೆಗಾಹರ್ಟ್ಸ್, 20 ಮತ್ತು 200 ಪಟ್ಟು) ಹೋಲಿಸಿ ನೋಡಿ. ಹೊರದೇಶದಿಂದ ತರಿಸಿದರೆ ಕಸ್ಟಮ್ಸ್ ಮತ್ತು ಜಿಎಸ್‌ಟಿ ಸೇರಿಸಿ ಲೆಕ್ಕ ಹಾಕಿ. ಒಬ್ಬರಿಗೆ ಭಾರ ಅನ್ನಿಸಿದರೆ ನಾಲ್ಕು ಜನ ಸೇರಿ ಒಂದು ತಗೊಳ್ಳಿ. ದಿನಾ ಬಳಸೋ ಸಾಮಾನಲ್ಲ ಇದು.

ಮೊದಲ ದಿನ ಮಾಡಬೇಕಾದ್ದು

ಪ್ರೋಬ್‌ನಲ್ಲಿ 500 ಇಟ್ಟಿದ್ದರೆ ಸ್ಕೋಪ್‌ನ ಮೆನುವಿನಲ್ಲೂ 500 ಇಡಿ. ಸ್ಕೋಪ್‌ನಲ್ಲಿ 10 ಅಂತಲೇ ಬಿಟ್ಟರೆ 600 ವೋಲ್ಟ್ ಬರೀ 12 ವೋಲ್ಟ್ ಅಂತ ಕಾಣುತ್ತೆ. ಹನ್ನೆರಡೇ ಅಲ್ವಾ ಅಂತ ಕೈ ಹಾಕಿದರೆ ಕಥೆ ಮುಗೀತು.

ಆಮೇಲೆ ಮನೆಯ 230 ವೋಲ್ಟ್ ನೋಡಿ. ಪೀಕ್ ಸುಮಾರು 325 ತೋರಿಸಬೇಕು. ಕೊನೆಗೆ ಎರಡೂ ತುದಿಯನ್ನು ಒಂದೇ ಲೈವ್ ಜಾಗಕ್ಕೆ ಹಾಕಿ. ಪರದೆ ಮೇಲೆ ನೇರ ಗೆರೆ ಬರಬೇಕು. ಅಲ್ಲಿ ಏನು ಅಲುಗಾಡಿದರೂ ಅದು ಪ್ರೋಬ್‌ನ ತಪ್ಪು, ಅಷ್ಟನ್ನು ಮನಸ್ಸಿನಲ್ಲಿ ಕಳೆದು ಓದಿ.

ಕ್ಲಿಪ್ ಹಾಕೋದು, ತೆಗೆಯೋದು ಎರಡೂ ಸಪ್ಲೈ ಆಫ್ ಇದ್ದಾಗಲೇ. ಸೋಲಾರ್ ಆದರೆ ಡಿಸಿ ಐಸೊಲೇಟರ್ ಆಫ್ ಮಾಡಿ. ಪಂಪ್ ಓಡ್ತಿರುವಾಗ ಪ್ಯಾನೆಲ್ ಕನೆಕ್ಟರ್ ಎಳೀಬೇಡಿ, ಡಿಸಿ ಕಿಡಿ ಬೇಗ ಆರಲ್ಲ. ಈ ಪ್ರೋಬ್ ಇದ್ದರೂ ಸ್ಕೋಪ್‌ಗೆ ಅರ್ತ್ ಬೇಕೇ ಬೇಕು.

ನಮ್ಮ ತೋಟದಲ್ಲಿ ಕೊನೆಗೆ ಆಗಿದ್ದಿಷ್ಟು: ಕಂಟ್ರೋಲರ್ ಬದಲಾಯಿಸಿದ ದಿನ ಮೋಟಾರ್ ಏನೂ ತಕರಾರಿಲ್ಲದೆ ಓಡಿತು. ಅಷ್ಟರಲ್ಲಿ ಆರು ದಿನ ಕಳೆದಿತ್ತು, ಹೂವು ಉದುರಿತ್ತು. ನಿಮ್ಮ ತೋಟದಲ್ಲಿ ಟ್ರಿಪ್ ಬಂದ ದಿನ ಮೊದಲು ಕೇಬಲ್ ಬಿಡಿಸಿ ನೋಡಿ.